ಗೋವೆಯ ಕುದುರೆ, ಘಟ್ಟದ ಎತ್ತು

ಬಾವಿಗೆ ಪಂಪು ಕೂಡಿಸಬೇಕೆಂದಿರುವ ರೈತನು ಅಂಗಡಿಗೆ ಹೋಗಿ ಕೇಳುವ ಮೊದಲ ಮಾತು, ಇದು ಎಷ್ಟು ಎಚ್.ಪಿ.ಯದು ಎಂಬುದು. ಮೂರು ಎಂದೋ ಐದು ಎಂದೋ ಅಂಗಡಿಯವನು ಉತ್ತರ ಕೊಡುತ್ತಾನೆ. ಅದನ್ನೇ ನಮ್ಮ ಪಠ್ಯಪುಸ್ತಕಗಳು ಅಶ್ವಶಕ್ತಿ ಎಂದು ಕನ್ನಡಿಸಿವೆ. ಆದರೆ ಆ ರೈತನ ತಂದೆಯಾಗಲಿ ಅಜ್ಜನಾಗಲಿ ಕುದುರೆಯಿಂದ ನೀರೆತ್ತಿದವರಲ್ಲ. ಅವರು ಎತ್ತು ಕಟ್ಟಿ ಕಪಿಲೆ ಹೊಡೆದವರು. ಗಾಣಕ್ಕೆ ಎತ್ತು, ನೇಗಿಲಿಗೆ ಎತ್ತು, ಬಂಡಿಗೆ ಎತ್ತು. ಹೀಗಿರುವಲ್ಲಿ ನಮ್ಮ ಯಂತ್ರಗಳ ಬಲವನ್ನು ಅಳೆಯುವ ಮಾನಕ್ಕೆ ಕುದುರೆಯ ಹೆಸರು ಬಂದುದು ಹೇಗೆ? ವರ್ಗದಲ್ಲಿ ಒಬ್ಬ ಹುಡುಗನಾದರೂ ಈ ಪ್ರಶ್ನೆಯನ್ನು ಎತ್ತುವುದುಂಟು; ಎತ್ತಿದಾಗ, ಅದು ಇಂಗ್ಲಿಷಿನಿಂದ ಬಂದ ಮಾತು ಎಂದು ಹೇಳಿ ನಾವು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತೇವೆ. ಈ ಲೇಖನದಲ್ಲಿ ಅಷ್ಟಕ್ಕೇ ಬಿಡದೆ ತುಸು ಹಿಂದಕ್ಕೆ ಹೋಗಿ ನೋಡಬೇಕೆಂಬುದು ನಮ್ಮ ಇಚ್ಛೆ. ನಾವು ಇರುವ ಗೋವೆಯೇ ಒಂದು ಕಾಲಕ್ಕೆ ಇಡೀ ದಕ್ಷಿಣ ಭಾರತಕ್ಕೆ ಕುದುರೆಯ ಬಾಗಿಲಾಗಿತ್ತಾದ್ದರಿಂದ, ಈ ವಿಚಾರಕ್ಕೆ ಇದಕ್ಕಿಂತ ತಕ್ಕ ಸ್ಥಳ ಇನ್ನೊಂದಿಲ್ಲ.

ಆ ಮಾನವನ್ನು ಬಳಕೆಗೆ ತಂದವನು ಜೇಮ್ಸ್ ವ್ಯಾಟ್, ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ. ಇಂಗ್ಲೆಂಡಿನ ಗಿರಣಿಗಳಲ್ಲಿಯೂ ಮದ್ಯದ ಭಟ್ಟಿಗಳಲ್ಲಿಯೂ ಆಗ ಚಕ್ರ ತಿರುಗಿಸುತ್ತಿದ್ದುದು ಕುದುರೆ. ತನ್ನ ಉಗಿಯಂತ್ರವನ್ನು ಮಾರಬೇಕಾದರೆ, ಇದು ಇಷ್ಟು ಕುದುರೆಗಳ ಕೆಲಸ ಮಾಡುವುದು ಎಂದು ಗಿರಾಕಿಗೆ ತಿಳಿಯುವಂತೆ ಹೇಳಬೇಕಾಗಿತ್ತು. ಒಂದು ನಿಮಿಷಕ್ಕೆ ೩೩,೦೦೦ ಪೌಂಡು ಭಾರವನ್ನು ಒಂದು ಅಡಿ ಎತ್ತುವಷ್ಟು ಕೆಲಸ ಒಂದು ಕುದುರೆಯದು ಎಂದು ಅವನು ಗೊತ್ತುಪಡಿಸಿದನು. ಈಗಿನ ಲೆಕ್ಕದಲ್ಲಿ ಅದು ಸುಮಾರು ೭೪೬ ವ್ಯಾಟು. ಅಂದರೆ ಅಶ್ವಶಕ್ತಿಯಲ್ಲಿರುವ ಅಶ್ವವು ರಾಣಾ ಪ್ರತಾಪನ ಚೇತಕವಲ್ಲ, ಅರಬ್ಬೀ ತೇಜಿಯೂ ಅಲ್ಲ. ಹೇರು ಎಳೆಯುವ ಮೋಟು ಕಾಲಿನ ದುಡಿಮೆಯ ಕುದುರೆ.

ಅಂಥ ಕುದುರೆಯನ್ನು ನಮ್ಮಲ್ಲಿ ಕಂಡವರು ಕಡಮೆ. ಇಂಗ್ಲೆಂಡಿನ ಶೈರ್, ಸ್ಕಾಟ್ಲೆಂಡಿನ ಕ್ಲೈಡ್ಸ್‌ಡೇಲ್, ಫ್ರಾನ್ಸಿನ ಪರ್ಷೆರಾನ್ ಮೊದಲಾದುವು ಭಾರ ಎಳೆಯುವುದಕ್ಕೆಂದೇ ಬೆಳೆಸಿದ ತಳಿಗಳು. ದೊಡ್ಡ ಶೈರ್ ಕುದುರೆಯ ತೂಕ ಒಂದು ಟನ್ನಿನ ಹತ್ತಿರ ಬರುತ್ತದೆ. ಅಗಲವಾದ ಎದೆ, ಕಂಬದಂಥ ಕಾಲು, ಗೊರಸಿನ ಮೇಲೆ ಜೂಲಿನಂತೆ ಇಳಿಬಿದ್ದ ಕೂದಲು. ಅವು ತಂಪು ಹವೆಯ, ವರ್ಷದ ಬಹುಭಾಗ ಹಸುರು ಹುಲ್ಲಿರುವ ನಾಡಿನ ಪ್ರಾಣಿಗಳು. ಅಷ್ಟು ದೊಡ್ಡ ಮೈಯಲ್ಲಿ ಹುಟ್ಟುವ ಕಾವು ಹೊರಗೆ ಹೋಗಲು ಸುತ್ತಲ ಗಾಳಿ ತಣ್ಣಗಿರಬೇಕು. ವೈಶಾಖದ ಬಿಸಿಲಿನಲ್ಲಿ ಅಂಥದನ್ನು ಬಿಜಾಪುರದ ಎರೆಯ ಹೊಲಕ್ಕೆ ಹೂಡಿದರೆ ಏನಾದೀತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೊಂದು ಮಾತು ಮೈಕಟ್ಟಿಗೆ ಸಂಬಂಧಿಸಿದುದು. ನಮ್ಮ ಎತ್ತಿಗೆ ಹೆಗಲ ಮೇಲೆ ಹಿಣಿಲು ಇದೆ. ಅದರ ಮುಂದೆ ನೊಗ ಇಟ್ಟರೆ ಸಾಕು, ನೊಗ ತಾನಾಗಿಯೇ ನಿಲ್ಲುವುದು. ಎತ್ತು ಮುಂದಕ್ಕೆ ಒತ್ತಿದಷ್ಟೂ ಭಾರವು ಹಿಣಿಲಿಗೂ ಹೆಗಲಿಗೂ ತಾಕಿ ಬಂಡಿ ನಡೆಯುವುದು. ಒಂದು ಮರದ ತುಂಡು, ಎರಡು ಕಣ್ಣಿ, ಇಷ್ಟರಲ್ಲಿ ಕೆಲಸ ಮುಗಿಯಿತು. ಊರ ಬಡಿಗನೇ ಅದನ್ನು ಮಾಡಿಕೊಡಬಲ್ಲನು. ಕುದುರೆಗೆ ಹಿಣಿಲು ಇಲ್ಲ. ಕೊರಳಿಗೆ ಪಟ್ಟಿ ಕಟ್ಟಿ ಹೆಚ್ಚು ಭಾರ ಎಳೆಸಿದರೆ ಅದರ ಉಸಿರು ಕಟ್ಟುವುದು. ಆದುದರಿಂದ ಹುಲ್ಲು ತುಂಬಿ ಹೊಲಿದ, ಭುಜದ ಎಲುಬಿನ ಮೇಲೆ ಕೂಡುವ ಗಟ್ಟಿ ಕೊರಳ ಬಳೆಯೊಂದು ಬೇಕಾಯಿತು. ಅದು ಯುರೋಪಿನಲ್ಲಿ ಬಳಕೆಗೆ ಬಂದುದು ಸುಮಾರು ಒಂಬತ್ತರಿಂದ ಹನ್ನೆರಡನೆಯ ಶತಮಾನಗಳ ಅವಧಿಯಲ್ಲಿ. ಆ ಮೇಲೆ ಅಲ್ಲಿನ ಭಾರವಾದ ನೇಗಿಲಿಗೂ ಬಂಡಿಗೂ ಎತ್ತಿನ ಬದಲು ಕುದುರೆ ಬರತೊಡಗಿತು. ಎಲ್ಲ ಕಡೆಗೂ ಅಲ್ಲ. ಗೋವೆಯನ್ನು ಆಳಿದ ಪೋರ್ತುಗೀಜರ ತಾಯಿನಾಡಿನಲ್ಲಿಯೇ ರೈತನ ಬಂಡಿಯನ್ನು ಬಹುಕಾಲ ಎಳೆದುದು ಎತ್ತೇ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ಮುಂದೆ ಈ ಸಂಗತಿ ನಮಗೆ ಬೇಕಾಗುವುದು.

ಇನ್ನು ಗೋವೆಗೆ ಬರೋಣ. ಕದಂಬರ ಕಾಲಕ್ಕೆ ಜುವಾರಿ ನದಿಯ ದಡದ ಗೋಪಕಪಟ್ಟಣವು ಹೆಸರಾದ ರೇವಾಗಿತ್ತು. ಹದಿನಾಲ್ಕನೆಯ ಶತಮಾನದ ಕೊನೆಗೆ ಗೋವೆ ವಿಜಯನಗರದ ವಶವಾಯಿತು. ೧೪೭೨ರಲ್ಲಿ ಮಹಮೂದ್ ಗವಾನನು ಅದನ್ನು ಬಹಮನಿ ರಾಜ್ಯಕ್ಕೆ ಗೆದ್ದುಕೊಟ್ಟನು. ಆಮೇಲೆ ಆದಿಲಶಾಹಿ, ೧೫೧೦ರ ನವೆಂಬರಿನಿಂದ ಪೋರ್ತುಗೀಜರು. ಇಷ್ಟು ಮಂದಿ ಈ ಸಣ್ಣ ನೆಲಕ್ಕಾಗಿ ಕಾದಾಡಿದುದಕ್ಕೆ ಕಾರಣಗಳು ಹಲವಿದ್ದರೂ ಅವುಗಳಲ್ಲಿ ಕುದುರೆ ಮುಖ್ಯವಾದುದು. ಪಾರಸಿ ಕೊಲ್ಲಿಯ ಹೋರ್ಮುಜಿನಿಂದ ಅರಬ್ಬೀ, ಇರಾಣಿ ಕುದುರೆಗಳನ್ನು ಹಡಗಿಗೆ ಹೇರಿ ತರುತ್ತಿದ್ದರು. ಭಟ್ಕಳ, ಹೊನ್ನಾವರ, ದಾಭೋಳ, ಚೌಲಗಳಲ್ಲಿಯೂ ಅವು ಇಳಿಯುತ್ತಿದ್ದುವು. ಅಲ್ಬುಕರ್ಕನು ಗೋವೆಯನ್ನು ಹಿಡಿದ ಬಳಿಕ ಈ ವ್ಯಾಪಾರವನ್ನೆಲ್ಲ ಗೋವೆಗೇ ಎಳೆದುಕೊಳ್ಳಲು ಹವಣಿಸಿದನು. ವಿಜಯನಗರಕ್ಕೂ ಕುದುರೆ ಬೇಕು, ಬಿಜಾಪುರಕ್ಕೂ ಬೇಕು. ಬಾಗಿಲ ಕೀಲಿಕೈ ತನ್ನ ಕೈಯಲ್ಲಿದ್ದರೆ ಇಬ್ಬರೂ ತನ್ನ ಮಾತು ಕೇಳುವರೆಂಬ ಎಣಿಕೆ ಅವನದು.

ಆ ಎಣಿಕೆ ಎಷ್ಟು ಫಲಿಸಿತೆಂಬುದಕ್ಕೆ ಸುಂಕದ ಕಟ್ಟಳೆಯೇ ಸಾಕ್ಷಿ. ೧೫೬೭ರ ಸುಮಾರಿಗೆ ಇಲ್ಲಿದ್ದ ವೆನಿಸಿನ ವರ್ತಕ ಚೇಸರೆ ಫೆದೆರಿಚಿ ಅದನ್ನು ಬರೆದಿಟ್ಟಿದ್ದಾನೆ. ಕುದುರೆ ತಂದ ಹಡಗಿನ ಉಳಿದ ಸರಕಿಗೆ ಸುಂಕವಿಲ್ಲ. ಕುದುರೆಯಿಲ್ಲದೆ ಬಂದ ಹಡಗಿನ ಸರಕಿಗೆ ನೂರಕ್ಕೆ ಎಂಟು. ಆ ಕುದುರೆ ಗೋವೆಯಿಂದ ಒಳನಾಡಿಗೆ ಹೊರಟಾಗ ಮಾತ್ರ ತಲೆಯೊಂದಕ್ಕೆ ೪೨ ವರಹ. ಒಳ್ಳೆಯ ಅರಬ್ಬೀ ಕುದುರೆಯ ಬೆಲೆ ಮುನ್ನೂರರಿಂದ ಸಾವಿರ ಡುಕಾಟುಗಳವರೆಗೆ ಹೋಗುತ್ತಿತ್ತಂತೆ.

ಕೊಳ್ಳುವವರ ಆತುರ ಇದಕ್ಕಿಂತ ಸೋಜಿಗದ್ದು. ೧೫೩೫ರ ಸುಮಾರಿಗೆ ವಿಜಯನಗರದಲ್ಲಿದ್ದ ನೂನಿಜ್ ಎಂಬವನು ತಾನೇ ಕುದುರೆಯ ವ್ಯಾಪಾರಿ. ಹೋರ್ಮುಜಿನವೂ ನಾಡತಳಿಯವೂ ಸೇರಿ ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಅರಸನು ಕೊಳ್ಳುತ್ತಾನೆಂದು ಅವನು ಹೇಳುತ್ತಾನೆ. ವ್ಯಾಪಾರಿಯ ಬಾಯಿಲೆಕ್ಕವಾದ್ದರಿಂದ ಇದನ್ನು ಕೊಂಚ ತಗ್ಗಿಸಿ ಓದಬಹುದು. ಸಾಳುವ ನರಸಿಂಹನ ವಿಚಾರವಾಗಿ ಅವನು ಹೇಳುವ ಇನ್ನೊಂದು ಮಾತು ಕೇಳತಕ್ಕದ್ದು. ಆ ಅರಸನು ಕುದುರೆ ಬದುಕಿರಲಿ ಸತ್ತಿರಲಿ, ಮೂರಕ್ಕೆ ಸಾವಿರ ಪರ್ದಾವಿನಂತೆ ಹಣ ಕೊಡುತ್ತಿದ್ದನಂತೆ. ಸಮುದ್ರದಲ್ಲಿ ಸತ್ತುದರ ಬಾಲವನ್ನು ಮಾತ್ರ ತಂದು ತೋರಿಸಿದರೆ ಸಾಕು. ಬಾಲಕ್ಕೆ ಬೆಲೆ ಕೊಟ್ಟು ಕೊಂಡ ದೈನ್ಯವನ್ನು ನಾವು ವೈಭವದ ಪಟ್ಟಿಯಲ್ಲಿ ಸೇರಿಸಿ ಮಕ್ಕಳಿಗೆ ಪಾಠ ಹೇಳುತ್ತ ಬಂದಿದ್ದೇವೆ. ತಂದುದರಲ್ಲಿ ಉಳಿಯುತ್ತಿದ್ದುದಾದರೂ ಎಷ್ಟು? ಹದಿಮೂರನೆಯ ಶತಮಾನದ ಕೊನೆಗೆ ಪಾಂಡ್ಯನಾಡಿಗೆ ಬಂದ ಮಾರ್ಕೊ ಪೋಲೊ, ಅಲ್ಲಿನ ಅರಸನು ವರ್ಷಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಕುದುರೆ ಕೊಂಡರೂ ವರ್ಷದ ಕೊನೆಗೆ ನೂರು ಕೂಡ ಉಳಿಯುವುದಿಲ್ಲವೆಂದೂ, ಲಾಳ ಹೊಡೆಯುವವರೂ ಸಾಕುವ ಬಗೆ ಬಲ್ಲವರೂ ಇಲ್ಲವೆಂದೂ ಬರೆದನು. ಕನ್ನಡನಾಡಿನ ಸ್ಥಿತಿ ಅಷ್ಟು ಕೆಟ್ಟಿರಲಾರದು. ಆದರೆ ವರ್ಷ ವರ್ಷವೂ ಕೊಳ್ಳಬೇಕಾಗಿತ್ತೆಂಬ ಮಾತೇ ಸಾಕಷ್ಟನ್ನು ಹೇಳುತ್ತದೆ.

೧೫೪೭ರಲ್ಲಿ ಪೋರ್ತುಗೀಜರಿಗೂ ವಿಜಯನಗರಕ್ಕೂ ಒಪ್ಪಂದವಾಗಿ, ಗೋವೆಗೆ ಬಂದ ಕುದುರೆ ಬಿಜಾಪುರಕ್ಕೆ ಹೋಗದೆ ವಿಜಯನಗರಕ್ಕೇ ಹೋಗಬೇಕೆಂದು ನಿಶ್ಚಯವಾಯಿತು. ೧೫೬೫ರಲ್ಲಿ ತಾಳಿಕೋಟೆಯ ಯುದ್ಧ. ಎರಡು ವರ್ಷಗಳ ತರುವಾಯ ಮೇಲೆ ಹೇಳಿದ ಫೆದೆರಿಚಿ ಇಬ್ಬರು ಕುದುರೆ ವ್ಯಾಪಾರಿಗಳೊಡನೆ ಹಾಳುಬಿದ್ದ ರಾಜಧಾನಿಗೆ ಹೋದನು. ಅಲ್ಲಿ ಆಳುತ್ತಿದ್ದ ತಿರುಮಲನು ಕುದುರೆ ತಂದರೆ ಹಿಂದಿನದಕ್ಕೂ ಸೇರಿಸಿ ಹಣ ಕೊಡುವೆನೆಂದು ಆಸೆ ಹುಟ್ಟಿಸಿ, ತಂದ ಮೇಲೆ ಒಳ್ಳೆಯ ಮಾತನ್ನಷ್ಟೆ ಕೊಟ್ಟು ಕಳಿಸಿದನಂತೆ. ಗೋವೆಯ ಕುದುರೆ ವ್ಯಾಪಾರ ಅಲ್ಲಿಂದ ಮುಂದೆ ಮೊದಲಿನಂತಾಗಲಿಲ್ಲ. ಅದರ ಸುಂಕವನ್ನು ನೆಚ್ಚಿದ್ದ ಊರಿಗೂ ಅದರ ಪೆಟ್ಟು ತಟ್ಟಿತು.

ಇಷ್ಟೆಲ್ಲ ಹಣ, ಒಪ್ಪಂದ, ಯುದ್ಧಗಳಿಗೆ ಕಾರಣವಾದ ಈ ಕುದುರೆ ಒಂದು ಮೂಟೆ ಅಕ್ಕಿಯನ್ನಾದರೂ ಹೊತ್ತಿತೆ? ಇಲ್ಲವೆನ್ನಬೇಕು. ಅದು ಸವಾರಿಯ ಪ್ರಾಣಿ, ದಂಡಿನದು, ಮೆರವಣಿಗೆಯದು. ಹಂಪೆಯ ಮಹಾನವಮಿ ದಿಬ್ಬದ ಮೇಲೂ ಹಜಾರ ರಾಮನ ಗುಡಿಯ ಹೊರಗೋಡೆಯ ಮೇಲೂ ಕುದುರೆಗಳ ಸಾಲು ಸಾಲು ಚಿತ್ರಗಳಿವೆ. ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೂ ಮೊದಲು ಕುದುರೆಗಳೇ ಹೂಡಿದ್ದುವು. ಈಗ ಮುಂದೆ ಕಾಣುವ ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲಗಳ ಗುರುತು ಇನ್ನೂ ಕಾಣುತ್ತದೆ. ಶಾಲೆಯ ಪ್ರವಾಸದಲ್ಲಿ ಹೋದವರು ಇದನ್ನು ಮರೆಯದೆ ಹುಡುಗರಿಗೆ ತೋರಿಸಬೇಕು. ಕಲ್ಲಿನ ರಥಕ್ಕೆ ಕುದುರೆ ಹೂಡಿದ ಶಿಲ್ಪಿಯೇ ಊರಿಗೆ ಹೋಗಿ ಮರದ ತೇರಿಗೆ ಹಗ್ಗ ಹಿಡಿದಿರಬೇಕು. ನಿಜವಾದ ತೇರನ್ನು ಎಳೆಯುವವರು ಅಂದಿಗೂ ಇಂದಿಗೂ ಮನುಷ್ಯರೇ.

ಹಾಗಾದರೆ ಹೊತ್ತವರು ಯಾರು? ಇದಕ್ಕೆ ಉತ್ತರ ಹೇಳುವವರೂ ಕುದುರೆಯ ಬೆನ್ನುಹತ್ತಿ ಬಂದ ಪರದೇಶಿಗಳೇ. ರಷ್ಯದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ವರ್ತಕನು ೧೪೭೦ರ ಸುಮಾರಿಗೆ ಒಂದೇ ಒಂದು ಕುದುರೆಯನ್ನು ನಂಬಿ ಹೋರ್ಮುಜಿನಿಂದ ಚೌಲಕ್ಕೆ ಬಂದನು. ಜುನ್ನರಿನಲ್ಲಿ ಅಲ್ಲಿನ ಅಧಿಕಾರಿ ಅದನ್ನು ಕಸಿದುಕೊಂಡು, ಆಮೇಲೆ ಬಹು ಕಷ್ಟದಿಂದ ಅದು ಅವನಿಗೆ ಮರಳಿ ಸಿಕ್ಕಿತು. ಬೀದರದವರೆಗೂ ಹೋಗಿ ಬಂದ ಆತನು, ಈ ದೇಶದಲ್ಲಿ ಕುದುರೆ ಹುಟ್ಟುವುದಿಲ್ಲ, ಹುಟ್ಟುವುದು ಎತ್ತು ಎಮ್ಮೆಗಳು, ಜನ ಅವನ್ನೇ ಏರುತ್ತಾರೆ, ಅವುಗಳ ಮೇಲೆಯೇ ಸರಕು ಹೇರುತ್ತಾರೆ ಎಂಬ ಅರ್ಥದ ಮಾತು ಬರೆದನು. ಕುದುರೆ ಹುಟ್ಟುವುದೇ ಇಲ್ಲವೆಂಬುದು ಅತಿಶಯೋಕ್ತಿ, ನಮ್ಮಲ್ಲಿ ತಟ್ಟುಗಳಿದ್ದುವು. ಉಳಿದುದು ದಿಟ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪಾಯೆಸ್ ಎಂಬ ಪೋರ್ತುಗೀಜನು, ಕರಾವಳಿಯ ಸರಕೆಲ್ಲ ಎತ್ತಿನ ಬೆನ್ನ ಮೇಲೆ ಒಳನಾಡಿಗೆ ಹೋಗುವುದನ್ನು ಕಂಡು, ಇಪ್ಪತ್ತು ಮೂವತ್ತು ಎತ್ತುಗಳನ್ನು ಒಬ್ಬನೇ ಆಳು ಹೊಡೆದುಕೊಂಡು ಹೋಗುತ್ತಾನೆಂದು ಗುರುತು ಹಾಕಿದನು. ಫೆದೆರಿಚಿಯೂ, ಈ ನಾಡಿನವರು ಎತ್ತಿಗೆ ಜೀನು ಮೂಗುದಾರ ಹಾಕಿ ಸವಾರಿ ಮಾಡುವರೆಂದೂ ಅದರ ನಡಿಗೆ ಹಿತವಾದುದೆಂದೂ ಮೆಚ್ಚಿ ಬರೆದನು.

ಘಟ್ಟದ ದಾರಿಗಳಲ್ಲಿ ಬಂಡಿ ಇಳಿಯುವಂತಿರಲಿಲ್ಲ. ಅನಮೋಡ, ತಿನೈಘಾಟ, ಚೋರ್ಲೆ, ರಾಮಘಾಟ ಇವೆಲ್ಲ ಕಾಲುದಾರಿಗಳು. ಬೆನ್ನ ಮೇಲೆ ಎರಡೂ ಕಡೆಗೆ ಇಳಿಬಿದ್ದ ಕಂಟಲೆ ಚೀಲ. ಒಂದೊಂದು ಎತ್ತಿನ ಮೇಲೆ ಸುಮಾರು ಒಂದು ಕ್ವಿಂಟಾಲಿನಷ್ಟು ಹೇರು. ಅಕ್ಕಿ, ಜೋಳ, ಹತ್ತಿ, ಬಟ್ಟೆ ಕೆಳಗೆ ಇಳಿಯಬೇಕು. ಉಪ್ಪು, ತೆಂಗು, ಅಡಕೆ ಮೇಲಕ್ಕೆ ಹತ್ತಬೇಕು. ಈ ಕೆಲಸದಲ್ಲಿ ಪಳಗಿದವರು ಲಂಬಾಣಿಗಳು. ಹೆಂಡರು ಮಕ್ಕಳೊಡನೆ, ನಾಯಿಗಳ ಕಾವಲಿನೊಡನೆ ತಾಂಡವೇ ನಡೆಯುತ್ತಿತ್ತು. ಎತ್ತುಗಳು ದಾರಿಯ ಮೇವನ್ನು ಮೇಯುತ್ತ ನಡೆಯುತ್ತಿದ್ದುದರಿಂದ ಮೇವಿನ ಖರ್ಚಿಲ್ಲ. ಕುದುರೆಗಾದರೋ ಕಡಲೆಯಾಗಬೇಕು, ಬೇಯಿಸಿದ ಹುರುಳಿಯಾಗಬೇಕು. ಸಕ್ಕರೆ, ಎಣ್ಣೆ ಹಾಕಿದ ಖಿಚಡಿಯನ್ನು ಕುದುರೆಗೆ ತಿನ್ನಿಸುವುದನ್ನೂ ನಿಕಿತಿನನು ಕಂಡಿದ್ದನು. ಹೊತ್ತ ಧಾನ್ಯವನ್ನು ತಾನೇ ತಿನ್ನುವ ಪ್ರಾಣಿಯಿಂದ ಧಾನ್ಯದ ವ್ಯಾಪಾರ ಸಾಗದು.

ಅನಮೋಡ ಘಟ್ಟದ ಬುಡದಲ್ಲಿ ತಾಂಬಡಿ ಸುರ್ಲೆಯ ಮಹಾದೇವ ದೇವಾಲಯವಿದೆ. ಕದಂಬರ ಕಾಲದ್ದು, ಕರಿಯ ಕಲ್ಲಿನದು. ಗೋವೆಯ ಜಂಬಿಟ್ಟಿಗೆಯ ನೆಲದಲ್ಲಿ ಸಿಕ್ಕದ ಆ ಕಲ್ಲನ್ನು ಘಟ್ಟದ ಮೇಲಿನ ಬಯಲುನಾಡಿನಿಂದ ತಂದರೆಂಬುದು ವಿದ್ವಾಂಸರ ಅಭಿಪ್ರಾಯ. ಆನೆಯೋ ಎತ್ತೋ ಮನುಷ್ಯರೋ ತಂದಿರಬೇಕು, ಕುದುರೆಯಂತೂ ಅಲ್ಲ. ಬಿಜಾಪುರದ ಮಲಿಕ್-ಎ-ಮೈದಾನ ತೋಪಿನ ಸಂಗತಿ ಇನ್ನೂ ಸ್ಪಷ್ಟ. ೧೫೪೯ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು ೫೫ ಟನ್ನು ತೂಗುವ ಆ ತೋಪನ್ನು ೧೬೩೨ರಲ್ಲಿ ಪರಾಂಡೆಯಿಂದ ಬಿಜಾಪುರಕ್ಕೆ ತಂದಾಗ ೪೦೦ ಎತ್ತು, ೧೦ ಆನೆ, ನೂರಾರು ಜನ ಬೇಕಾದರೆಂದು ಹೇಳುತ್ತಾರೆ. ಅರಬ್ಬೀ ಕುದುರೆಗಳಿಂದ ತುಂಬಿದ್ದ ಲಾಯಗಳು ಆಗಲೂ ಬಿಜಾಪುರದಲ್ಲಿದ್ದುವು.

ಈಗ ನಾವು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬಂದೆವು. ಭಾರ ಎಳೆಯುವ ಪ್ರಾಣಿಯನ್ನು ಜಾಣ್ಮೆಯಿಂದ ಆರಿಸಿ ತಳಿ ಬೆಳೆಸುವುದು ಯುರೋಪಿನವರು ಕಲಿಸಿದ ವಿದ್ಯೆ, ನಮ್ಮವರು ಕೊಳ್ಳುವುದನ್ನಷ್ಟೆ ಬಲ್ಲವರು, ಎಂದು ಕುದುರೆಯ ಇತಿಹಾಸವನ್ನು ಮಾತ್ರ ಓದಿದವರಿಗೆ ತೋರಬಹುದು. ಕುದುರೆಯ ಮಟ್ಟಿಗೆ ಅದು ಬಹುಮಟ್ಟಿಗೆ ನಿಜ. ಎತ್ತಿನ ಮಟ್ಟಿಗೆ ಸುಳ್ಳು. ಕನ್ನಡದಲ್ಲಿ ಪಶುವೈದ್ಯದ ಮೊದಲ ಗ್ರಂಥ ಚಾಳುಕ್ಯ ರಾಜಕುಮಾರ ಕೀರ್ತಿವರ್ಮನ ‘ಗೋವೈದ್ಯ’, ಹನ್ನೆರಡನೆಯ ಶತಮಾನದ ಮೊದಲ ಭಾಗದ್ದು. ಗೋವೆಯ ಕದಂಬ ಎರಡನೆಯ ಜಯಕೇಶಿಗೆ ಮಗಳನ್ನು ಕೊಟ್ಟ ಆರನೆಯ ವಿಕ್ರಮಾದಿತ್ಯನ ಮನೆತನದವನೇ ಈತ. ಅಭಿನವಚಂದ್ರನ ‘ಅಶ್ವವೈದ್ಯ’ ಬಂದುದು ಅದಾಗಿ ಎರಡು ಶತಮಾನಗಳು ಕಳೆದ ಮೇಲೆ.

ಮೈಸೂರಿನ ಚಿಕ್ಕದೇವರಾಜ ಒಡೆಯರು (೧೬೭೩–೧೭೦೪) ‘ಬೆಣ್ಣೆ ಚಾವಡಿ’ ಎಂಬ ಹೆಸರಿನಲ್ಲಿ ದನಗಳ ಇಲಾಖೆಯೊಂದನ್ನು ಕಟ್ಟಿ, ಅಲ್ಲಲ್ಲಿ ಹುಲ್ಲುಗಾವಲುಗಳನ್ನು ಕಾವಲೆಂದು ಬಿಡಿಸಿಟ್ಟರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಹೆಸರಿಗೆ ಕಾರಣ. ಹೈದರಾಲಿಯು ಪಾಳೆಯಗಾರರ ಹಿಂಡುಗಳನ್ನು ಅದಕ್ಕೆ ಸೇರಿಸಿ, ತೋಪು ಎಳೆಯುವುದಕ್ಕೂ ದಂಡಿನ ಸಾಮಾನು ಸಾಗಿಸುವುದಕ್ಕೂ ಎತ್ತುಗಳನ್ನು ಅಣಿಗೊಳಿಸಿದನು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು, ಹಿಂಡಿನ ಪಾಲನೆಗೆ ಹುಕುಂನಾಮೆಯನ್ನೇ ಹೊರಡಿಸಿದನು. ಹಿಂಡು ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು ಎಂದು ತಿರುಗುತ್ತಿತ್ತು. ಹಳ್ಳಿಕಾರ ರಕ್ತದ, ಬೂದು ಮೈಯ, ಹಿಂದಕ್ಕೆ ಚಾಚಿದ ಚೂಪು ಕೊಂಬಿನ ಈ ಎತ್ತು ತೂಕದಲ್ಲಿ ಶೈರ್ ಕುದುರೆಯ ಅರ್ಧಕ್ಕೆ ಬಂದರೆ ಹೆಚ್ಚು. ಆದರೆ ಬಿಸಿಲಿಗೆ ಅಂಜದು, ಒಣ ಮೇವಿಗೆ ಮುಖ ತಿರುಗಿಸದು, ಕಾಲಾಳಿನ ಹೆಜ್ಜೆಗೆ ಹಿಂದೆ ಬೀಳದು. ೧೭೮೧ರಲ್ಲಿ ಹೈದರನು ಚಿದಂಬರದ ಕಡೆಗೆ ನೂರು ಮೈಲಿ ದಾರಿಯನ್ನು ಎರಡೂವರೆ ದಿನಗಳಲ್ಲಿ ನಡೆದುದು ಈ ಎತ್ತುಗಳಿಂದಲೇ ಎಂದು ಮೈಸೂರು ಗ್ಯಾಸೆಟಿಯರು ಹೇಳುತ್ತದೆ. ೧೭೯೯ರಲ್ಲಿ ಹಿಂಡು ಇಂಗ್ಲಿಷರ ಕೈಸೇರಿತು. ಅವುಗಳ ನಡಿಗೆಯನ್ನು ಇಲ್ಲಿ ಕಂಡಿದ್ದ ವೆಲ್ಲೆಸ್ಲಿಯು ಮುಂದೆ ವೆಲಿಂಗ್ಟನನೆನಿಸಿ ಪೋರ್ತುಗಾಲ, ಸ್ಪೇನುಗಳಲ್ಲಿ ಕಾದುವಾಗ, ಮೈಸೂರಿನ ಎತ್ತು ತನ್ನ ಬಳಿ ಇಲ್ಲವಲ್ಲ ಎಂದು ಹಲುಬಿದನಂತೆ. ಪೋರ್ತುಗಾಲದ ಎತ್ತಿನ ಬಂಡಿಯ ನಡಿಗೆಯನ್ನು ನೋಡಿ ಬೇಸತ್ತವನ ಮಾತಿದು.

ಇಷ್ಟು ಹೊಗಳಿದವರೇ ಹಿಂಡನ್ನು ಹೇಗೆ ನೋಡಿಕೊಂಡರು? ಮೊದಲು ಅಲಕ್ಷ್ಯ, ೧೮೧೩ರಲ್ಲಿ ಎಚ್ಚೆತ್ತು ಸೇನೆಯ ಅಧಿಕಾರಿಯೊಬ್ಬನಿಗೆ ಒಪ್ಪಿಸಿದರು, ಹಿಂಡು ಚೇತರಿಸಿತು. ೧೮೬೦ರಲ್ಲಿ ಖರ್ಚು ಉಳಿಸುವ ನೆಪದಿಂದ ಮದರಾಸು ಸರಕಾರವು ಹಿಂಡನ್ನೇ ಮಾರಿ ಚೆದರಿಸಿಬಿಟ್ಟಿತು. ಸೇನೆಗೆ ತಕ್ಕ ಎತ್ತು ಸಿಕ್ಕದೆ ಹೋದಾಗ ೧೮೬೬ರಲ್ಲಿ, ಚೆದರಿದುದನ್ನು ಹುಡುಕಿ ಕೊಂಡು ಮತ್ತೆ ಕಟ್ಟಬೇಕಾಯಿತು. ಇನ್ನು ಕಾಲವನ್ನು ಗಮನಿಸಿರಿ: ಬ್ರಿಟನ್ನಿನಲ್ಲಿ ಕ್ಲೈಡ್ಸ್‌ಡೇಲ್ ಕುದುರೆಯ ಸಂಘ ಹುಟ್ಟಿದುದು ೧೮೭೭ರಲ್ಲಿ, ಶೈರಿನದು ೧೮೭೮ರಲ್ಲಿ. ತಮ್ಮ ನಾಡಿನ ಭಾರದ ಕುದುರೆಗೆ ವಂಶಾವಳಿ ಬರೆಯಲು ಅವರು ಕುಳಿತುದಕ್ಕೆ ಇನ್ನೂರು ವರ್ಷ ಹಿಂದೆಯೇ ಕಾವಲು ಕಟ್ಟಿದ್ದ ಹಿಂಡನ್ನು, ಅದಕ್ಕೆ ಕೇವಲ ಹದಿನೇಳು ಹದಿನೆಂಟು ವರ್ಷ ಮೊದಲು ಅವರೇ ಹರಾಜಿಗೆ ಇಟ್ಟಿದ್ದರು. ೧೮೮೨ರಲ್ಲಿ ಹಿಂಡು ಮೈಸೂರು ಸರಕಾರಕ್ಕೆ ಬಂದಿತು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಆ ತಳಿಯ ಕೇಂದ್ರ ಇಂದಿಗೂ ನಡೆದಿದೆ. ಕಾವಲುಗಳು ಮಾತ್ರ ಕರಗುತ್ತ ಬಂದಿವೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಾವಲಿನಲ್ಲಿ ೨೦೧೭ರಿಂದ ರಕ್ಷಣಾ ಇಲಾಖೆಯ ವಿಮಾನ ಪರೀಕ್ಷೆಯ ನೆಲೆಯಿದೆ. ಸುತ್ತಲ ಹಳ್ಳಿಗಳ ಕುರಿ ದನಗಳು ಬೇಲಿಯ ಹೊರಗೆ ಮೇಯುತ್ತವೆ.

ಕರ್ನಾಟಕದ ಉತ್ತರಕ್ಕೆ ಕೃಷ್ಣಾ ಕಣಿವೆಯ ದೊಡ್ಡ ಮೈಯ ಎತ್ತು ಉಂಟು. ಎರೆಮಣ್ಣಿನ ಆಳವಾದ ನೇಗಿಲಿಗೆಂದೇ ಹತ್ತೊಂಬತ್ತನೆಯ ಶತಮಾನದಲ್ಲಿ ಸಾಂಗಲಿ ಕಡೆಯ ಸಂಸ್ಥಾನಿಕರು ಗೀರ್, ಓಂಗೋಲು ಮೊದಲಾದ ತಳಿಗಳನ್ನು ಕೂಡಿಸಿ ಅದನ್ನು ಬೆಳೆಸಿದರು. ನಮ್ಮ ನಾಡಿನ ಭಾರದ ಕುದುರೆಯೆಂದರೆ ಅದೇ. ಗೋವೆಗೆ ತನ್ನದೇ ಆದ ಶ್ವೇತ ಕಪಿಲ ಎಂಬ ಬಿಳಿಯ ಸಣ್ಣ ತಳಿಯುಂಟು. ಆದರೆ ಅದು ಹೆಚ್ಚಾಗಿ ಹಾಲಿನದು. ಇಲ್ಲಿನ ಕೆಸರುಗದ್ದೆಗೆ ಕೋಣವೂ ಬೇಕಾಗುತ್ತಿತ್ತು.

ಘಟ್ಟದ ಹೇರೆತ್ತಿನ ಕೊನೆಯ ಕಾಲ ಗೋವೆಯಲ್ಲಿಯೇ ಬಂದಿತು, ಹತ್ತು ವರ್ಷಗಳ ಒಳಗೆ. ಇಲ್ಲಿನ ಮಿಠಾಗರಗಳ ಉಪ್ಪೇ ಲಂಬಾಣಿಗಳು ಮೇಲೆ ಹತ್ತಿಸುತ್ತಿದ್ದ ಮುಖ್ಯ ಹೇರು. ೧೮೭೮ರ ಡಿಸೆಂಬರಿನಲ್ಲಿ ಇಂಗ್ಲಿಷರಿಗೂ ಪೋರ್ತುಗೀಜರಿಗೂ ಆದ ಒಪ್ಪಂದದಿಂದ ಗೋವೆಯ ಉಪ್ಪಿನ ತಯಾರಿಕೆಯೇ ಇಂಗ್ಲಿಷರ ಹಿಡಿತಕ್ಕೆ ಹೋಯಿತು. ಸುಮಾರು ಹದಿಮೂರು ವರ್ಷಗಳ ಮೇಲೆ ಆ ಒಪ್ಪಂದ ಮುರಿದುಬಿದ್ದರೂ ಮುರಿದ ವ್ಯಾಪಾರ ಕೂಡಲಿಲ್ಲ. ಅದೇ ಒಪ್ಪಂದದ ಇನ್ನೊಂದು ಫಲ ರೈಲು. ಮಾರ್ಮಗೋವೆಯ ರೇವಿನಿಂದ ಕೊಲ್ಲೆಂ ದಾಟಿ, ದೂಧಸಾಗರದ ಜಲಪಾತದ ಮಗ್ಗುಲಿಗೆ ಹಾಯ್ದು, ಕ್ಯಾಸಲ್‌ರಾಕಿಗೆ ಹತ್ತುವ ಮೀಟರ್‌ಗೇಜ್ ಹಾದಿ ೧೮೮೮ರ ಹೊತ್ತಿಗೆ ಪೂರ್ತಿಯಾಯಿತು. ಧಾರವಾಡದ ಹತ್ತಿಯೂ ಬಯಲುಸೀಮೆಯ ಧಾನ್ಯವೂ ಡಬ್ಬಿಯಲ್ಲಿ ಕುಳಿತು ಘಟ್ಟ ಇಳಿದುವು. ಎತ್ತಿಗೆ ಉಳಿದುದು ಹೊಲದಿಂದ ಸ್ಟೇಷನ್ನಿನವರೆಗಿನ ದಾರಿ. ತಾಂಡಗಳು ಬಿಜಾಪುರ, ಗದಗ, ಕೊಪ್ಪಳಗಳ ಬಯಲಿನಲ್ಲಿ ನೆಲೆನಿಂತುವು. ಅವರ ಮರಿಮಕ್ಕಳಲ್ಲಿ ಅನೇಕರು ಇಂದು ಅದೇ ರೈಲಿನಲ್ಲಿ ವಾಸ್ಕೋಕ್ಕೆ ಇಳಿದು ಇಲ್ಲಿನ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರುತ್ತಾರೆ.